ನೆನೆದ ಬೋರ್ಡಿಗೆ ಮತ್ತೊಂದು ಸ್ನಾನ

2011ರ ಮೇ 1. ಅಟ್ಲಾಂಟಿಕ್ ಸಾಗರದ ನಡುವೆ ಒಂದು ಹಡಗು ನಿಂತಿತ್ತು. ಅಲ್ಲಿಂದ ಇಳಿಬಿಟ್ಟ ರೋಬಾಟ್ ಸುಮಾರು 3,900 ಮೀಟರ್ ಆಳದಲ್ಲಿ, ಸೂರ್ಯನ ಬೆಳಕು ಎಂದೂ ತಲುಪದ ಕಡೆ, ದೀಪ ಹಾಯಿಸುತ್ತ ಹುಡುಕುತ್ತಿತ್ತು. ಕೊನೆಗೆ ಅದರ ಕ್ಯಾಮೆರಾಕ್ಕೆ ಕಿತ್ತಳೆ ಬಣ್ಣದ, ಉರುಟಾದ ಒಂದು ಲೋಹದ ಡಬ್ಬಿ ಕಂಡಿತು. ವಿಮಾನಗಳ 'ಕಪ್ಪುಪೆಟ್ಟಿಗೆ'ಯ ಮುಖ್ಯ ಭಾಗ ಅದು. ಹೆಸರು ಏನೇ ಇರಲಿ, ಬಣ್ಣ ಮಾತ್ರ ಕಿತ್ತಳೆಯೇ. ಹುಡುಕುವವರ ಕಣ್ಣಿಗೆ ಬೇಗ ಬೀಳಬೇಕಲ್ಲ!

ಅದು ಏರ್ ಫ್ರಾನ್ಸ್ 447 ವಿಮಾನಕ್ಕೆ ಸೇರಿದ್ದು. ಬ್ರೆಜಿಲ್ಲಿನ ರಿಯೋ ಡಿ ಜನೈರೋದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಆ ವಿಮಾನ 2009ರ ಜೂನ್ 1ರಂದು ಕಡಲಿಗೆ ಬಿತ್ತು. ಅದರಲ್ಲಿದ್ದ 228 ಜನರಲ್ಲಿ ಯಾರೂ ಉಳಿಯಲಿಲ್ಲ. ಏನಾಯಿತು, ಯಾಕಾಯಿತು ಎಂದು ಅವರ ಮನೆಯವರು ಎರಡು ವರ್ಷ ಕಾಯುತ್ತಿದ್ದರು. ಉತ್ತರವೆಲ್ಲ ಆ ಡಬ್ಬಿಯೊಳಗಿನ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡಿನ ಮೇಲೆ, ಮೆಮೊರಿ ಚಿಪ್‌ಗಳಲ್ಲಿ ಇತ್ತು. ಮರುದಿನ ಎರಡನೆಯ ಪೆಟ್ಟಿಗೆಯೂ ಸಿಕ್ಕಿತು. ಪೈಲಟ್‌ಗಳ ಮಾತು ದಾಖಲಾಗಿದ್ದದ್ದು ಅದರಲ್ಲಿ.

ಈಗ ಒಂದು ಯೋಚನೆ ಮಾಡಿ. ಬೋರ್ಡು 23 ತಿಂಗಳು ಉಪ್ಪುನೀರಿನಲ್ಲಿ ಮುಳುಗಿದೆ. ಅದು ನಿಮ್ಮ ಕೈಗೆ ಬಂದರೆ ಮೊದಲು ಏನು ಮಾಡುತ್ತೀರಿ? ಒರೆಸಿ ಬಿಸಿಲಿಗೆ ಇಡುತ್ತೀರಿ, ಅಲ್ಲವೇ? ನಾನಾದರೂ ಹಾಗೇ ಹೇಳುತ್ತಿದ್ದೆ. ಆದರೆ ಕಪ್ಪುಪೆಟ್ಟಿಗೆ ನೀರಿನಲ್ಲಿ ಸಿಕ್ಕಿದಾಗ ತನಿಖೆಯವರು ಪಾಲಿಸುವ ನಿಯಮ ಇದಕ್ಕೆ ಪೂರಾ ಉಲ್ಟಾ. ಅದನ್ನು ಒಣಗಲು ಬಿಡಲೇಬಾರದು. ಮೇಲೆತ್ತಿದ ಕೂಡಲೇ ಶುದ್ಧವಾದ ಸಿಹಿನೀರಿನಲ್ಲಿ ಮುಳುಗಿಸಿ, ನೀರಿನ ಸಮೇತ ಪ್ರಯೋಗಾಲಯಕ್ಕೆ ಸಾಗಿಸಬೇಕು.

ನೀರಿನಿಂದ ತೆಗೆದದ್ದನ್ನು ಮತ್ತೆ ನೀರಿಗೆ ಹಾಕುವುದೇಕೆ? ಇದು ಗೊತ್ತಾದರೆ ಬಕೆಟ್ಟಿಗೆ ಬಿದ್ದ ಫೋನು, ಮಳೆಯಲ್ಲಿ ನೆನೆದ ರಿಮೋಟು, ಟೀ ಚೆಲ್ಲಿದ ಲ್ಯಾಪ್‌ಟಾಪು, ಎಲ್ಲದರ ಕಥೆಯೂ ಅರ್ಥವಾಗುತ್ತದೆ.

ನೀರು ತಾಗಿದರೆ ಬೋರ್ಡ್ ಕೆಡುತ್ತದೆ ಎಂದು ನಾವು ಸುಮ್ಮನೆ ನೀರಿನ ಮೇಲೆ ತಪ್ಪು ಹೊರಿಸುತ್ತೇವೆ. ಬೋರ್ಡ್ ತಯಾರಿಸುವ ಎಷ್ಟೋ ಕಾರ್ಖಾನೆಗಳಲ್ಲಿ ಬೋರ್ಡನ್ನು ನೀರಿನಿಂದಲೇ ತೊಳೆಯುತ್ತಾರೆ. ಬಿಡಿಭಾಗಗಳನ್ನು ಬೆಸುಗೆ ಹಾಕುವಾಗ ಫ್ಲಕ್ಸ್ ಎಂಬ ಅಂಟುಪದಾರ್ಥ ಬಳಸುತ್ತಾರೆ. ಬೆಸುಗೆ ಮುಗಿದ ಮೇಲೂ ಅದರ ಅಂಶ ಬೋರ್ಡಿನ ಮೇಲೆ ಉಳಿದಿರುತ್ತದೆ. ನೀರಿನಲ್ಲಿ ಕರಗುವ ಫ್ಲಕ್ಸ್ ಆಗಿದ್ದರೆ, ದೊಡ್ಡ ಯಂತ್ರದೊಳಗೆ ಬಿಸಿನೀರನ್ನು ಜೋರಾಗಿ ಚಿಮ್ಮಿಸಿ ತೊಳೆದು ಒಣಗಿಸುತ್ತಾರೆ. ಬೋರ್ಡಿಗೆ ಏನೂ ಆಗುವುದಿಲ್ಲ. ಆ ನೀರು ನಮ್ಮ ನಲ್ಲಿಯ ನೀರಲ್ಲ ಎಂಬುದೊಂದು ಗುಟ್ಟು. ತೊಳೆಯುವಾಗ ಬೋರ್ಡಿನಲ್ಲಿ ವಿದ್ಯುತ್ ಇರುವುದಿಲ್ಲ ಎಂಬುದು ಇನ್ನೊಂದು.

ಮೊದಲನೆಯ ಗುಟ್ಟು ನೋಡೋಣ. ಬರೀ ನೀರು, ಅಂದರೆ ಬೇರೇನೂ ಬೆರೆಯದ ನೀರು, ವಿದ್ಯುತ್ತನ್ನು ಹೆಚ್ಚುಕಡಿಮೆ ಹರಿಯಗೊಡುವುದೇ ಇಲ್ಲ. ಅಂಥ ನೀರು ನಮಗೆ ನಿಸರ್ಗದಲ್ಲಿ ಎಲ್ಲೂ ಸಿಗುವುದಿಲ್ಲ, ಅಷ್ಟೆ. ಬಾವಿ, ಬೋರ್‌ವೆಲ್, ನದಿ, ಎಲ್ಲಿಯದೇ ನೀರಿರಲಿ, ಅದು ಮಣ್ಣು-ಕಲ್ಲುಗಳ ನಡುವೆ ಹರಿದು ಬಂದಿರುತ್ತದೆ. ದಾರಿಯಲ್ಲಿ ಸಿಕ್ಕ ಲವಣಗಳನ್ನೆಲ್ಲ ಕರಗಿಸಿಕೊಂಡಿರುತ್ತದೆ. ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ಗೀಸರ್ ಕಾಯಿಲ್ ಮೇಲೆ ಬೆಳ್ಳಗೆ ಗಟ್ಟಿ ಪದರ ಕಟ್ಟುತ್ತದಲ್ಲ, ಅದು ಇದೇ ಲವಣ.

ಲವಣ ನೀರಿನಲ್ಲಿ ಕರಗಿದಾಗ ಎರಡು ಭಾಗವಾಗುತ್ತದೆ. ಅಡುಗೆ ಉಪ್ಪನ್ನೇ ತೆಗೆದುಕೊಳ್ಳಿ. ಸೋಡಿಯಂ ಭಾಗಕ್ಕೆ ಧನ ವಿದ್ಯುದಂಶ, ಕ್ಲೋರಿನ್ ಭಾಗಕ್ಕೆ ಋಣ ವಿದ್ಯುದಂಶ. ಇವುಗಳಿಗೆ ಅಯಾನು ಎನ್ನುತ್ತಾರೆ. ನೀರೊಳಗೆ ಎರಡು ತಂತಿ ಇಳಿಬಿಟ್ಟು ಬ್ಯಾಟರಿಗೆ ಸೇರಿಸಿದರೆ ಧನ ಅಯಾನುಗಳು ಋಣ ತಂತಿಯ ಕಡೆಗೂ ಋಣ ಅಯಾನುಗಳು ಧನ ತಂತಿಯ ಕಡೆಗೂ ಓಡುತ್ತವೆ. ಈ ಓಟವೇ ವಿದ್ಯುತ್ ಪ್ರವಾಹ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಹಾಗಾಗಿ ತೀರ ಶುದ್ಧವಾದ ನೀರಿಗಿಂತ ಅದು ಸುಮಾರು ಒಂಬತ್ತು ಲಕ್ಷ ಪಟ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ! ನಲ್ಲಿ ನೀರು ಇವೆರಡರ ನಡುವೆ ಎಲ್ಲೋ ಇರುತ್ತದೆ. ಊರಿಂದೂರಿಗೆ ಅದೂ ಬೇರೆ ಬೇರೆ.

ಇನ್ನು ಬೋರ್ಡ್. ಹಾಳಾದ ರಿಮೋಟೋ ಹಳೆಯ ರೇಡಿಯೋವೋ ಸಿಕ್ಕರೆ ಸೆಲ್ ತೆಗೆದು, ಬಿಚ್ಚಿ ನೋಡಿ. ಹಸಿರು ಬಣ್ಣದ ಹಲಗೆ, ಅದರ ಮೇಲೆ ಸಣ್ಣ ಗೆರೆಗಳು. ಆ ಗೆರೆಗಳು ತಾಮ್ರದವು. ಅವುಗಳ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್, ಅಂದರೆ ನಿಮ್ಮ ಒಂದು ಕೂದಲಿನ ಅರ್ಧದಷ್ಟು. ರಿಮೋಟಿನ ಬೋರ್ಡಿನಲ್ಲಿ ಗೆರೆಗಳ ನಡುವೆ ಕಣ್ಣಿಗೆ ಕಾಣುವಷ್ಟು ಜಾಗ ಇರುತ್ತದೆ. ಫೋನಿನ ಬೋರ್ಡಿನಲ್ಲಿ ಎಷ್ಟೋ ಕಡೆ ಕೂದಲೆಳೆ ತೂರುವಷ್ಟೂ ಇರುವುದಿಲ್ಲ.

ಅಕ್ಕಪಕ್ಕದ ಎರಡು ಗೆರೆಗಳಲ್ಲಿ ಒಂದು ಧನ, ಒಂದು ಋಣ. ನಡುವೆ ಲವಣ ಕರಗಿದ ಒಂದು ಹನಿ ಬಂದು ಕೂತಿತು ಎನ್ನಿ. ಆಗ ಎರಡು ಕೆಡುಕು ಒಟ್ಟಿಗೆ ಶುರುವಾಗುತ್ತವೆ. ಹೋಗಬಾರದ ಕಡೆಗೆ ವಿದ್ಯುತ್ ಹರಿಯುವುದು ಒಂದು. ರಿಪೇರಿಯವರು 'ಶಾರ್ಟ್ ಆಗಿದೆ' ಎನ್ನುವುದು ಇದಕ್ಕೇ. ಇನ್ನೊಂದು ಇದಕ್ಕಿಂತ ಕುತೂಹಲದ್ದು. ಧನ ಗೆರೆಯ ತಾಮ್ರ ಕರಗತೊಡಗುತ್ತದೆ! ತಾಮ್ರದ ಅಯಾನುಗಳು ಹನಿಯೊಳಗೆ ಈಜಿ ಋಣ ಗೆರೆ ಸೇರುತ್ತವೆ, ಅಲ್ಲಿ ಮತ್ತೆ ಲೋಹವಾಗಿ ಕೂರುತ್ತವೆ. ಕೂತಲ್ಲೇ ಕವಲೊಡೆಯುತ್ತ, ಎಳೆ ಎಳೆಯಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಬೆಳೆಯುತ್ತವೆ. ಎಳೆಯ ತುದಿ ಧನ ಗೆರೆಯನ್ನು ಮುಟ್ಟಿದರೆ ಅಲ್ಲೊಂದು ತಾಮ್ರದ ಸೇತುವೆ. ವಿದ್ಯುತ್ ಇದ್ದರೆ ಇದಕ್ಕೆ ದಿನಗಳೇನೂ ಬೇಡ, ಕೆಲವೇ ನಿಮಿಷ ಸಾಕು. ನೀರಿನೊಳಗೆ ವಿದ್ಯುತ್ ಹೀಗೆ ಪದಾರ್ಥಗಳನ್ನು ಬೇರ್ಪಡಿಸುವುದಕ್ಕೆ ವಿದ್ಯುದ್ವಿಭಜನೆ ಎಂದು ಹೆಸರು. ಎಷ್ಟು ವಿದ್ಯುತ್ ಹರಿದರೆ ಎಷ್ಟು ಲೋಹ ಸಾಗುತ್ತದೆ ಎಂಬ ಲೆಕ್ಕವನ್ನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ 1830ರ ದಶಕದಲ್ಲೇ ಕಂಡುಹಿಡಿದಿದ್ದ.

ನೀರನ್ನೇ ಒಡೆಯಲು ಬೇಕಾದದ್ದು ಸುಮಾರು 1.23 ವೋಲ್ಟ್. ರಿಮೋಟಿನ ಎರಡು ಪೆನ್ಸಿಲ್ ಸೆಲ್ ಸೇರಿದರೆ 3 ವೋಲ್ಟ್. ಫೋನಿನ ಬ್ಯಾಟರಿ 3.7 ವೋಲ್ಟ್. ಬೋರ್ಡನ್ನು ಕೆಡಿಸಲು ಅಷ್ಟೇ ಧಾರಾಳವಾಯಿತು.

ಕಡಲ ತಳದ ಆ ಬೋರ್ಡಿಗೆ ಹಿಂದಿರುಗೋಣ. ಅದಕ್ಕೆ ಉಪ್ಪುನೀರಿನ ಕಾಟ ಇತ್ತು, ಆದರೆ ವಿದ್ಯುತ್ ಇರಲಿಲ್ಲ. ವಿಮಾನ ಬಿದ್ದ ಕ್ಷಣದಲ್ಲೇ ಸಂಪರ್ಕ ಕಡಿದುಹೋಗಿತ್ತು. ಅದು ಉಳಿಯಲು ದೊಡ್ಡ ಕಾರಣ ಇದು ಎಂದು ನನಗನ್ನಿಸುತ್ತದೆ. ಎರಡು ವರ್ಷ ಕಡಲಲ್ಲಿದ್ದೂ ಉಳಿದ ಬೋರ್ಡ್ ಒಂದು ಕಡೆ, ಬಕೆಟ್ಟಿನಲ್ಲಿ ಎರಡು ನಿಮಿಷ ಬಿದ್ದು ಸತ್ತ ಫೋನ್ ಇನ್ನೊಂದು ಕಡೆ. ಫೋನಿನಲ್ಲಿ ಬ್ಯಾಟರಿ ಚಾಲೂ ಇತ್ತು, ನೋಡಿ.

ಆದ್ದರಿಂದ ಏನಾದರೂ ನೀರಿಗೆ ಬಿದ್ದರೆ ಮೊದಲು ಮಾಡಬೇಕಾದ್ದು ಒರೆಸುವುದಲ್ಲ, ವಿದ್ಯುತ್ ತಪ್ಪಿಸುವುದು. ರಿಮೋಟಾದರೆ ಸೆಲ್ ಕಿತ್ತುಹಾಕಿ. ಫೋನಾದರೆ ಕೂಡಲೇ ಆಫ್ ಮಾಡಿ. ಆಮೇಲೆ 'ನಡೆಯುತ್ತಾ ನೋಡೋಣ' ಎಂದು ಐದೈದು ನಿಮಿಷಕ್ಕೆ ಬಟನ್ ಒತ್ತುವ ಆಸೆ ಆಗುತ್ತದೆ. ಅರ್ಧ ಫೋನುಗಳು ಸಾಯುವುದು ಈ ಆಸೆಯಿಂದಲೇ ಇರಬೇಕು! ಚಾರ್ಜಿಗಂತೂ ಹಾಕಲೇಬೇಡಿ. ಈಗಿನ ಫೋನುಗಳ ಬ್ಯಾಟರಿಯನ್ನು ನಾವು ಹೊರತೆಗೆಯಲಾರೆವು. ಆಫ್ ಮಾಡಿದರೂ ಒಳಗೆ ಕೆಲವು ಗೆರೆಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಹಾಗಾಗಿ ರಿಪೇರಿ ಅಂಗಡಿಗೆ ಬೇಗ ಹೋದಷ್ಟೂ ಒಳ್ಳೆಯದು. ಟಿವಿ, ಮಿಕ್ಸಿ, ಮೋಟಾರ್ ಹೀಗೆ ಗೋಡೆಯ ಪ್ಲಗ್ಗಿನಿಂದ ನಡೆಯುವ ವಸ್ತು ನೆನೆದಿದ್ದರೆ ನೀವು ಹತ್ತಿರ ಹೋಗಬೇಡಿ. ದೊಡ್ಡವರನ್ನು ಕರೆದು ಮೇನ್ ಸ್ವಿಚ್ ಆರಿಸಲು ಹೇಳಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಅದು ಜೋರಾಗಿ ಹೊಡೆಯುತ್ತದೆ.

ವಿದ್ಯುತ್ ತಪ್ಪಿಸಿದ ಮೇಲೆ ಒಣಗಿಸಬಹುದೇ? ಇನ್ನೂ ಇಲ್ಲ. ಒಂದು ಸ್ಟೀಲ್ ತಟ್ಟೆಯ ಮೇಲೆ ನಲ್ಲಿ ನೀರಿನ ಹನಿಯೊಂದನ್ನು ಹಾಕಿ ಒಣಗಲು ಬಿಡಿ. ನೀರು ಹೋಗುತ್ತದೆ, ಬಿಳಿ ಉಂಗುರ ಉಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ. ಬೋರ್ಡಿನ ಮೇಲೂ ಹೀಗೇ. ಒಣಗಿ ಕೂತ ಲವಣ ಆಮೇಲೆ ಗಾಳಿಯ ತೇವವನ್ನು ಹೀರಿ ಮತ್ತೆ ಒದ್ದೆಯಾಗುತ್ತದೆ. ತಾಮ್ರವನ್ನು ತಿನ್ನುತ್ತ ಹಸಿರು ಕಿಲುಬು ಹಿಡಿಸುತ್ತದೆ. 'ನೀರಿಗೆ ಬಿದ್ದ ಫೋನು ಎರಡು ವಾರ ಚೆನ್ನಾಗಿತ್ತು, ಆಮೇಲೆ ಇದ್ದಕ್ಕಿದ್ದಂತೆ ಕೈಕೊಟ್ಟಿತು' ಎಂದು ಜನ ಹೇಳುವುದನ್ನು ಕೇಳಿದ್ದೀರಾ? ಇದ್ದಕ್ಕಿದ್ದಂತೆ ಅಲ್ಲ, ಒಳಗೆ ಕಿಲುಬು ಅಷ್ಟು ದಿನವೂ ತನ್ನ ಕೆಲಸ ಮಾಡುತ್ತಿತ್ತು.

ಕಪ್ಪುಪೆಟ್ಟಿಗೆಯನ್ನು ಸಿಹಿನೀರಿನಲ್ಲಿ ಮುಳುಗಿಸಿಡುವುದೂ ಇದಕ್ಕೇ. ಉಪ್ಪು ಬೋರ್ಡಿನ ಮೇಲೆ ಗಟ್ಟಿಯಾಗಿ ಕೂರಬಾರದು, ಸಿಹಿನೀರಿಗೆ ಕರಗಿ ಬಿಟ್ಟುಹೋಗಬೇಕು. ಗಾಳಿ ಮತ್ತು ಉಪ್ಪಿನ ತೇವ ಎರಡೂ ಒಟ್ಟಿಗೆ ಸಿಕ್ಕಾಗ ಲೋಹ ಅತಿ ಬೇಗ ಕೆಡುತ್ತದೆ. ನೀರೊಳಗೆ ಇದ್ದರೆ ಗಾಳಿಯಾದರೂ ತಪ್ಪುತ್ತದೆ.

ರಿಪೇರಿ ಅಂಗಡಿಯಲ್ಲಿ 'ಬೋರ್ಡ್ ವಾಶ್' ಎನ್ನುವುದು ಇದರ ಪುಟ್ಟ ರೂಪ. ಫೋನ್ ಬಿಚ್ಚಿ ಬ್ಯಾಟರಿ, ಸ್ಕ್ರೀನು, ಕ್ಯಾಮೆರಾ, ಸ್ಪೀಕರುಗಳನ್ನು ಬೇರೆ ತೆಗೆದಿಡುತ್ತಾರೆ. ಅವು ಸ್ನಾನ ತಾಳುವಂಥವಲ್ಲ. ಬರೀ ಬೋರ್ಡನ್ನು ಐಪಿಎ ದ್ರವದಲ್ಲಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಉಜ್ಜುತ್ತಾರೆ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಕೆಲವು ಅಂಗಡಿಗಳಲ್ಲಿ ಪುಟ್ಟ ಸ್ಟೀಲಿನ ತೊಟ್ಟಿಯೂ ಇರುತ್ತದೆ, ಅಲ್ಟ್ರಾಸಾನಿಕ್ ಕ್ಲೀನರ್. ನಮ್ಮ ಕಿವಿಗೆ ಕೇಳದಷ್ಟು ಕೀಚಲಾದ ಶಬ್ದ ತೊಟ್ಟಿಯೊಳಗಿನ ದ್ರವವನ್ನು ನಡುಗಿಸುತ್ತದೆ. ಲಕ್ಷಾಂತರ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಪ್ರತಿ ಗುಳ್ಳೆ ಒಡೆದಾಗಲೂ ಅಲ್ಲಿ ಒಂದು ಚೂರು ಕೊಳೆ ಕಿತ್ತುಬರುತ್ತದೆ. ಬ್ರಷ್ ಹೋಗದ ಸಂದಿಗೂ ಗುಳ್ಳೆ ಹೋಗುತ್ತದೆ.

ಸಂದಿಯ ಮಾತು ಬಂತು, ಅಲ್ಲೇ ಸ್ವಲ್ಪ ನಿಲ್ಲೋಣ. ಫೋನಿನ ಚಿಪ್‌ಗಳು ಬೋರ್ಡಿಗೆ ಪೂರ್ತಿ ಅಂಟಿ ಕೂತಿರುವುದಿಲ್ಲ. ಸಾಸಿವೆಗಿಂತಲೂ ಎಷ್ಟೋ ಸಣ್ಣ ಬೆಸುಗೆ ಗುಂಡುಗಳ ಮೇಲೆ ನಿಂತಿರುತ್ತವೆ. ಕೆಳಗೆ ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಖಾಲಿ ಜಾಗ. ಅಂಥ ಸಂದಿಗೆ ನೀರು ತಾನೇ ನುಗ್ಗುತ್ತದೆ, ಆಮೇಲೆ ಹೊರಗೆ ಬರಲು ಒಪ್ಪುವುದಿಲ್ಲ. ಎರಡು ಗಾಜಿನ ಬಿಲ್ಲೆಗಳ ನಡುವೆ ಒಂದು ಹನಿ ನೀರು ಹಾಕಿ ಒತ್ತಿ, ಆಮೇಲೆ ಎಳೆದು ಬಿಡಿಸಲು ನೋಡಿ. ಆಗ ನಿಮ್ಮ ಬೆರಳಿಗೆ ಎದುರಾಗುವ ಬಲವೇ ನೀರನ್ನು ಚಿಪ್ಪಿನಡಿ ಹಿಡಿದಿಟ್ಟಿರುವುದು. ನೀರಿನ ಕಣಗಳು ಪರಸ್ಪರ ಬಿಗಿಯಾಗಿ ಎಳೆದುಕೊಳ್ಳುವುದರಿಂದ ಹುಟ್ಟುವ ಮೇಲ್ಮೈ ಎಳೆತ ಇದರಲ್ಲಿ ಕೆಲಸ ಮಾಡುತ್ತದೆ.

ಐಪಿಎಯ ಜಾಣತನ ಇಲ್ಲಿದೆ. ಅದರ ಮೇಲ್ಮೈ ಎಳೆತ ನೀರಿನದರ ಸುಮಾರು ಮೂರನೇ ಒಂದರಷ್ಟು ಮಾತ್ರ. ಹಾಗಾಗಿ ಎಂಥ ಸಂದಿಗೂ ಸಲೀಸಾಗಿ ಹರಡುತ್ತದೆ. ನೀರಿನೊಂದಿಗೆ ಎಷ್ಟು ಬೇಕಾದರೂ ಬೆರೆಯುತ್ತದೆ, ಅಡಗಿ ಕೂತ ನೀರನ್ನು ತನ್ನೊಂದಿಗೆ ಸೇರಿಸಿಕೊಂಡು ಹೊರಗೆ ತರುತ್ತದೆ. ಆಮೇಲೆ ತಾನೂ ಬೇಗ ಹಾರಿಹೋಗುತ್ತದೆ. ಅದು ಕುದಿಯುವುದು ಸುಮಾರು 82 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. ಸ್ಯಾನಿಟೈಸರ್ ಹಚ್ಚಿದಾಗ ಅಂಗೈ ತಣ್ಣಗಾಗಿ ಕ್ಷಣದಲ್ಲಿ ಒಣಗುತ್ತದಲ್ಲ, ಅದೂ ಇದೇ ಜಾತಿಯ ದ್ರವದ ಕೆಲಸ. ಹಾಗೆಂದು ಸ್ಯಾನಿಟೈಸರ್ ತಂದು ಬೋರ್ಡಿಗೆ ಸುರಿಯಬೇಡಿ. ಅದರಲ್ಲಿ ನೀರೂ ಕೈ ಒಡೆಯದಿರಲು ಬೆರೆಸಿದ ಅಂಟೂ ಇರುತ್ತದೆ. ಐಪಿಎಗೆ ಬೆಂಕಿ ಬೇಗ ಹತ್ತುತ್ತದೆ. ಅದನ್ನು ಬಳಸುವ ಕೆಲಸ ದೊಡ್ಡವರದ್ದು, ಅದೂ ಕಿಟಕಿ ತೆರೆದಿಟ್ಟು.

ಈಗ ಒಣಗಿಸಬಹುದು. ಒಣಗುವುದು ಬಿಸಿಯಿಂದಷ್ಟೇ ಅಲ್ಲ, ಸುತ್ತಲಿನ ಗಾಳಿಯಲ್ಲಿ ಇನ್ನಷ್ಟು ಆವಿಗೆ ಜಾಗ ಇದೆಯೇ ಎಂಬುದರಿಂದಲೂ ನಿರ್ಧಾರವಾಗುತ್ತದೆ. ಆಷಾಢದ ಮಳೆಯಲ್ಲಿ ಹಪ್ಪಳ ಒಣಹಾಕಿದರೆ ಏನಾಗುತ್ತದೆಂದು ಅಜ್ಜಿಯನ್ನು ಕೇಳಿ. ಬೋರ್ಡಿನ ಪಾಡೂ ಅದೇ. ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ನೆನೆದ ರೇಡಿಯೋ ಒಣಗಲು ತೆಗೆದುಕೊಳ್ಳುವ ಸಮಯವೇ ಬೇರೆ, ರಾಯಚೂರಿನ ಏಪ್ರಿಲ್‌ನಲ್ಲಿ ತೆಗೆದುಕೊಳ್ಳುವುದೇ ಬೇರೆ. ಫ್ಯಾನ್ ಗಾಳಿ ಒಳ್ಳೆಯದು, ಬೋರ್ಡಿನ ಹತ್ತಿರ ಕಟ್ಟಿಕೊಂಡ ಆವಿಯನ್ನು ಅದು ತಳ್ಳಿಹಾಕುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದೂ ಒಳ್ಳೆಯದು. ಹೊಸ ಶೂ ಡಬ್ಬಿಯಲ್ಲಿ 'ತಿನ್ನಬೇಡಿ' ಎಂದು ಬರೆದ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದೇ. ಹೇರ್ ಡ್ರೈಯರ್ ಮಾತ್ರ ಬೇಡ. ಅದರ ಜೋರು ಗಾಳಿ ಹನಿಗಳನ್ನು ಇನ್ನೂ ಒಳಕ್ಕೆ ನೂಕುತ್ತದೆ, ಬಿಸಿಗೆ ಅಂಟು ಬಿಡುತ್ತದೆ. ಬ್ಯಾಟರಿಗೂ ಕಾವು ಆಗದು. ದೊಡ್ಡ ಪ್ರಯೋಗಾಲಯಗಳಲ್ಲಿ ಇನ್ನೊಂದು ಉಪಾಯವಿದೆ. ಡಬ್ಬಿಯೊಳಗಿನ ಗಾಳಿಯನ್ನು ಹೀರಿ ತೆಗೆದುಬಿಡುವುದು. ಒತ್ತಡ ಸುಮಾರು ಮೂವತ್ತನೇ ಒಂದು ಭಾಗಕ್ಕೆ ಇಳಿದರೆ ನೀರು ನಮ್ಮ ಕೋಣೆಯ 25 ಡಿಗ್ರಿಯಲ್ಲೇ ಕುದಿಯುತ್ತದೆ. ಬೋರ್ಡಿಗೆ ಬಿಸಿ ತಾಗುವುದಿಲ್ಲ, ಸಂದಿಯ ನೀರೂ ಆವಿಯಾಗಿ ಹೊರಬರುತ್ತದೆ.

ಅಕ್ಕಿ ಡಬ್ಬಿಯ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ, ಗೊತ್ತು. ನೆನೆದ ಫೋನನ್ನು ಅಕ್ಕಿಯಲ್ಲಿ ಹೂತಿಡುವ ಪದ್ಧತಿ ಎಲ್ಲ ಕಡೆಯೂ ಇದೆ. ಅಕ್ಕಿ ಫೋನಿನೊಳಗಿನ ನೀರನ್ನು ಎಳೆದುಕೊಳ್ಳುವುದಿಲ್ಲ, ಸುಮ್ಮನೆ ಮೇಜಿನ ಮೇಲೆ ಗಾಳಿಗೆ ಇಟ್ಟರೂ ಅಷ್ಟೇ ಒಣಗುತ್ತದೆ. ಮೇಲಾಗಿ ಅಕ್ಕಿ ಹಿಟ್ಟು, ನುಚ್ಚು ಚಾರ್ಜಿಂಗ್ ತೂತಿಗೆ ಸೇರಿಕೊಳ್ಳುತ್ತವೆ. ಐಫೋನ್ ತಯಾರಿಸುವ ಆಪಲ್ ಕಂಪನಿಯೇ 2024ರಲ್ಲಿ 'ಅಕ್ಕಿಯಲ್ಲಿ ಇಡಬೇಡಿ' ಎಂದು ತನ್ನ ಸೂಚನೆಯಲ್ಲಿ ಬರೆಯಿತು. ಅಕ್ಕಿಯನ್ನು ಅನ್ನಕ್ಕೆ ಬಿಡುವುದೇ ಸರಿ.

ಅತ್ತ ಪ್ಯಾರಿಸ್ಸಿನಲ್ಲಿ ಏನಾಯಿತು? ಎರಡೂ ಪೆಟ್ಟಿಗೆಗಳು ಹಡಗು, ವಿಮಾನ ಏರಿ ಮೇ 12ರಂದು ಅಲ್ಲಿಗೆ ತಲುಪಿದವು. ಫ್ರಾನ್ಸಿನ ವಿಮಾನ ಅಪಘಾತ ತನಿಖಾ ಸಂಸ್ಥೆ ಬಿಇಎಯ ತಜ್ಞರು ಪೆಟ್ಟಿಗೆ ತೆರೆದು, ಬೋರ್ಡುಗಳನ್ನು ಹೊರತೆಗೆದು, ತೊಳೆದು, ಒಣಗಿಸಿದರು. ಮಾಡಿದ್ದನ್ನೆಲ್ಲ ವಿಡಿಯೋ ಮಾಡಿಟ್ಟರು. ಇಂಥ ಕೆಲಸದಲ್ಲಿ ಬೋರ್ಡ್ ಒಣಗಿದಂತೆ ಕಂಡ ಮಾತ್ರಕ್ಕೆ ಯಾರೂ ವಿದ್ಯುತ್ ಕೊಡುವುದಿಲ್ಲ. ಮೊದಲು ಮೀಟರ್ ಹಿಡಿದು, ಸೇರಬಾರದ ಗೆರೆಗಳು ಎಲ್ಲಾದರೂ ಸೇರಿವೆಯೇ ಎಂದು ಒಂದೊಂದಾಗಿ ಅಳೆದು ನೋಡುತ್ತಾರೆ. ಮೇ 16ರಂದು ಸುದ್ದಿ ಹೊರಬಿತ್ತು. ವಿಮಾನದ ಅಂಕಿಅಂಶಗಳು ಪೂರ್ತಿ, ಪೈಲಟ್ ಕೋಣೆಯ ಕೊನೆಯ ಎರಡು ಗಂಟೆಗಳ ಮಾತು ಪೂರ್ತಿ, ಎಲ್ಲವೂ ಸಿಕ್ಕಿತ್ತು. ವಿಮಾನದ ವೇಗ ಅಳೆಯುವ ಕೊಳವೆಗಳಿಗೆ ಮಂಜಿನ ಹರಳು ಕಟ್ಟಿಕೊಂಡು ತೊಂದರೆ ಶುರುವಾದದ್ದು, ಆಮೇಲಿನ ಒಂದೊಂದು ಕ್ಷಣ, ಆ ಬೋರ್ಡುಗಳಿಂದಲೇ ತಿಳಿಯಿತು.

'ನಮ್ಮ ಫೋನು ವಾಟರ್‌ಪ್ರೂಫ್' ಎಂದು ಹೇಳುವ ಗೆಳೆಯರು ನಿಮಗೂ ಇರಬಹುದು. ಡಬ್ಬಿಯ ಮೇಲೆ ಐಪಿ67 ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ. ಪರೀಕ್ಷೆ ಮಾಡಿದ್ದು ಸಿಹಿನೀರಿನಲ್ಲಿ, ಹೊಚ್ಚಹೊಸ ಫೋನಿನ ಮೇಲೆ. ಕಡಲಿಗೂ ಸಾಬೂನು ನೀರಿಗೂ ಆ ಮಾತು ಅನ್ವಯಿಸದು. ನೀರು ತಡೆಯುವ ರಬ್ಬರ್ ಪಟ್ಟಿಗಳಿಗೂ ವಯಸ್ಸಾಗುತ್ತದೆ. ಎಷ್ಟೋ ಫೋನುಗಳ ಸಿಮ್ ತೂರಿಸುವ ಜಾಗದಲ್ಲಿ ಒಂದು ಪುಟ್ಟ ಬಿಳಿ ಗುರುತು ಇರುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. 'ನೀರಿಗೆ ಬಿದ್ದಿಲ್ಲ ಅಂಕಲ್' ಎಂದು ರಿಪೇರಿಯವರ ಹತ್ತಿರ ಸುಳ್ಳು ಹೇಳಿ ಉಪಯೋಗವಿಲ್ಲ!

ಮನೆಯಲ್ಲೇ ಮಾಡಿ ನೋಡಲು ಒಂದು ಪ್ರಯೋಗವಿದೆ. 9 ವೋಲ್ಟಿನ ಚೌಕ ಬ್ಯಾಟರಿ, ಒಂದು ಎಲ್‌ಇಡಿ, 470 ಓಮ್‌ನ ರೆಸಿಸ್ಟರ್, ತುದಿ ಸುಲಿದ ಎರಡು ತುಂಡು ತಾಮ್ರದ ತಂತಿ, ಒಂದು ಹಳೆಯ ಗಾಜಿನ ಲೋಟ. ಗೋಡೆಯ ಪ್ಲಗ್ಗಿನ ಕರೆಂಟ್ ಇದಕ್ಕೆ ಖಂಡಿತ ಬೇಡ. ಬ್ಯಾಟರಿ, ರೆಸಿಸ್ಟರ್, ಎಲ್‌ಇಡಿ ಒಂದರ ಹಿಂದೊಂದು ಜೋಡಿಸಿ, ಎರಡು ತಂತಿಗಳ ತುದಿ ಲೋಟದಲ್ಲಿ ಮುಳುಗುವಂತೆ, ಆದರೆ ಒಂದಕ್ಕೊಂದು ಮುಟ್ಟದಂತೆ ಇಡಿ. ಮೊದಲು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸುರಿಯಿರಿ. ಎಲ್‌ಇಡಿ ಉರಿಯುವುದಿಲ್ಲ, ಉರಿದರೂ ಕಂಡೂ ಕಾಣದಷ್ಟು. ಚಿಟಿಕೆ ಉಪ್ಪು ಹಾಕಿ ಕಲಕಿ, ಉರಿಯುತ್ತದೆ. ಹಾಗೇ ಸ್ವಲ್ಪ ಹೊತ್ತು ಬಿಟ್ಟರೆ ಒಂದು ತಂತಿಯಲ್ಲಿ ಗುಳ್ಳೆ ಏಳುತ್ತದೆ, ಇನ್ನೊಂದರ ಸುತ್ತ ಹಳದಿ-ಹಸಿರು ಗಸಿ ಕೂರುತ್ತದೆ. ಬೋರ್ಡಿನ ಮೇಲೆ ಆಗುವುದೂ ಇದೇ, ತೀರ ಚಿಕ್ಕದಾಗಿ. ಕಿಟಕಿ ತೆರೆದಿಡಿ, ನೋಡಿದ ಮೇಲೆ ಆ ನೀರನ್ನು ಚೆಲ್ಲಿಬಿಡಿ.

ಲೋಟ ತೊಳೆದು ಮಳೆನೀರು, ಬೋರ್‌ವೆಲ್ ನೀರು, ಎಳನೀರು, ನಿಂಬೆರಸ ಒಂದೊಂದಾಗಿ ಹಾಕಿ, ಯಾವುದರಲ್ಲಿ ಬೆಳಕು ಜೋರು ಎಂದು ಬರೆದಿಟ್ಟುಕೊಳ್ಳಿ. ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಚಮಚ ಸಕ್ಕರೆ ಕರಗಿಸಿ ನೋಡಿ. ಸಕ್ಕರೆ ಪೂರ್ತಿ ಕರಗಿದರೂ ಎಲ್‌ಇಡಿ ಉರಿಯುವುದಿಲ್ಲ! ಸಕ್ಕರೆ ಕರಗುವಾಗ ಧನ-ಋಣ ಎಂದು ಒಡೆಯುವುದಿಲ್ಲ, ಹಾಗಾಗಿ ಓಡಲು ಅಯಾನುಗಳೇ ಇರುವುದಿಲ್ಲ. ಹಾಗಾದರೆ ಕೀಬೋರ್ಡಿನ ಮೇಲೆ ಹಣ್ಣಿನ ಜ್ಯೂಸ್ ಚೆಲ್ಲಿದರೆ ಪರವಾಗಿಲ್ಲವೇ ಎಂದು ಕೇಳಬಹುದು. ಜ್ಯೂಸಿನಲ್ಲಿ ಬರೀ ಸಕ್ಕರೆ ಇಲ್ಲ, ಹಣ್ಣಿನ ಹುಳಿಯೂ ಲವಣಗಳೂ ಇವೆ. ಅವು ಅಯಾನುಗಳನ್ನು ಒದಗಿಸುತ್ತವೆ. ಸಕ್ಕರೆ ಅಂಟಾಗಿ ಕೂತು ಆ ತೇವವನ್ನು ಹೋಗಗೊಡುವುದಿಲ್ಲ. ರಿಪೇರಿಯವರು ನೀರು ಬಿದ್ದ ಬೋರ್ಡಿಗಿಂತ ಜ್ಯೂಸ್ ಬಿದ್ದ ಬೋರ್ಡಿಗೆ ಹೆಚ್ಚು ಮುಖ ಸಿಂಡರಿಸುವುದು ಅದಕ್ಕೇ.